ಮಾಮನ ಕಾರಿಗೆ ಕಟ್ಟಿದ ಶೆಡ್ಡು

ಕಳೆದ ತಿಂಗಳು ಉಡುಪಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುಮಕ್ಕಳಿಗೆಂದು ಎಲ್ಲಿಂದಲೋ ಒಂದು ಹಳೆಯ ಫಾರಿನ್ ಕಾರನ್ನು ಬಾಡಿಗೆಗೆ ತರಿಸಿದ್ದರು. ಉದ್ದ ಮೂತಿಯ ಕಪ್ಪು ಕಾರು. ಮೈತುಂಬ ಮಲ್ಲಿಗೆ ಸುತ್ತಿದ್ದರು. ಹುಡುಗ ಹುಡುಗಿಯರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪರಿಚಯದ ಹುಡುಗಿಯೊಬ್ಬಳು "ಆಂಟಿ, ನೀವೂ ಒಮ್ಮೆ ಕೂತು ನೋಡಿ" ಎಂದು ಹಿಂದಿನ ಬಾಗಿಲು ತೆರೆದಳು. ಒಳಗಿದ್ದ ಗಾಳಿ ಬಂದು ಮೂಗಿಗೆ ಬಡಿಯಿತು. ಹಳೆಯ ಚರ್ಮ, ಪೆಟ್ರೋಲು, ಬೂಷ್ಟು, ಬಾಡಿದ ಹೂವು. ಬೇರೆಯವರಿಗೆ ಅದು ಸಿರಿವಂತಿಕೆಯ ಪರಿಮಳ ಇರಬಹುದು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲಿಂದ ಓಡಿದೆ. ಅರವತ್ತು ದಾಟಿದ ಹೆಂಗಸು ಒಂದು ಕಾರಿನ ವಾಸನೆಗೆ ಕೈತೊಳೆಯುವ ನಲ್ಲಿಯ ಹತ್ತಿರ ಹೋಗಿ ಬಗ್ಗಿ ನಿಂತದ್ದನ್ನು ಕಂಡು ಆ ಹುಡುಗಿ ಹೆದರಿದಳು. ಬಿಸಿಲಿಗೆ ಹೀಗಾಯಿತು ಎಂದು ಹೇಳಿ ಪಾರಾದೆ. ಆ ದಿನದ ಊಟ ನನಗೆ ಸೇರಲಿಲ್ಲ.

ನಮ್ಮ ಮನೆಯಲ್ಲಿಯೂ ಇಂಥದ್ದೇ ಒಂದು ಕಾರು ಇತ್ತು. ಕಾಪು ಪೇಟೆಯಿಂದ ಪೂರ್ವಕ್ಕೆ ಒಂದು ಮೈಲಿ ನಡೆದರೆ ನಮ್ಮ ಮನೆ, ಅದರ ಬೆನ್ನಿಗೆ ಗೇರುಮರಗಳ ಗುಡ್ಡೆ. ನನಗೆ ನೆನಪು ಮೂಡುವ ಮೊದಲೇ ಅಪ್ಪ ತೀರಿಹೋಗಿದ್ದರು. ಅಮ್ಮ ನನ್ನನ್ನು ಕಟ್ಟಿಕೊಂಡು ತಾಯಿಮನೆಗೆ ಬಂದಿದ್ದಳು. ನಮ್ಮಲ್ಲಿ ಮನೆ ನಡೆಯುವುದು ಹೆಣ್ಣಿನ ಕಡೆಯಿಂದಲಾದ್ದರಿಂದ ಅದು ಅವಳ ಹಕ್ಕಿನ ಮನೆಯೇ. ಯಾರ ಹಂಗೂ ಇರಲಿಲ್ಲ. ಮನೆಯಲ್ಲಿ ಅಜ್ಜಿ, ಅಮ್ಮ, ನಾನು. ಅಮ್ಮನ ಅಣ್ಣ, ನನ್ನ ದೊಡ್ಡಮಾಮ, ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು, ಮದುವೆಯಾಗಿರಲಿಲ್ಲ. ಅಮ್ಮನ ತಮ್ಮ, ನನ್ನ ಸಣ್ಣಮಾಮ, ಕಾರ್ಕಳದಲ್ಲಿ ಹೆಂಡತಿಯ ಮನೆಯಲ್ಲಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಬೇಸಿಗೆ ದೊಡ್ಡಮಾಮ ಬಸ್ಸಿನಲ್ಲಿ ಬರುವ ಬದಲು ಆ ಕಾರಿನಲ್ಲಿ ಬಂದಿಳಿದರು. ಮುಂಬಯಿಯ ಯಾರೋ ಸಾಹುಕಾರರು ಉಪಯೋಗಿಸಿ ಬಿಟ್ಟದ್ದು. ಕೆಂಪು ಚರ್ಮದ ಸೀಟು, ಕಿಟಕಿಗಳಿಗೆ ಪರದೆ, ಹಿಂದೆ ಕೂತವರ ಕಾಲಡಿಗೆ ಕಂಬಳಿ. ಮಾಮ ಎಂದರೆ ನನಗೆ ಬಹಳ ಪ್ರೀತಿ. ಅವರ ಅಂಗಿಗೆ ಯಾವಾಗಲೂ ಇಸ್ತ್ರಿಯ ಬಿಸಿ ಇದ್ದ ಹಾಗೆ ಅನಿಸುತ್ತಿತ್ತು. ನಗುವಾಗ ಹೆಗಲು ಕುಣಿಯುತ್ತಿತ್ತು. ಆದರೆ ಆ ಕಾರಿನೊಳಗೆ ಕೂತ ಮೊದಲ ದಿನವೇ, ಉಡುಪಿ ಮುಟ್ಟುವ ಮೊದಲು, ನಾನು ಕೆಂಪು ಸೀಟಿನ ಮೇಲೆ ವಾಂತಿ ಮಾಡಿದೆ. ಮಾಮ ಬೈಯಲಿಲ್ಲ, ತಮ್ಮ ಕರ್ಚೀಫಿನಿಂದ ನನ್ನ ಬಾಯಿ ಒರೆಸಿದರು.

ಅದೇ ಬೇಸಿಗೆಯಲ್ಲಿ ಮಾಮ ಕಾರಿಗೊಂದು ಶೆಡ್ಡು ಕಟ್ಟಿಸಿದರು. ಹಂಚಿನ ಮಾಡು, ಸುಣ್ಣ ಬಳಿದ ಗೋಡೆ, ಕಾಲಿಟ್ಟರೆ ತಣ್ಣಗಾಗುವ ಕೆಂಪು ಸಿಮೆಂಟಿನ ನೆಲ, ಒಂದು ಕಿಟಕಿ, ಒಂದು ಬಲ್ಬು. ಆಗ ನಮ್ಮ ಮನೆಯ ನೆಲ ಸೆಗಣಿ ಸಾರಿಸಿದ್ದು. ದಾರಿಯಲ್ಲಿ ಹೋಗುವವರು ನಿಂತು ಶೆಡ್ಡನ್ನು ನೋಡಿ ಹೋಗುತ್ತಿದ್ದರು. ಈಗ ನಾನು ಹೇಳುವ ಮಾತು ಕೇಳಿ ನಿಮಗೆ ಅಸಹ್ಯವಾದರೆ ಆಗಲಿ, ನನಗೆ ಐವತ್ತು ವರ್ಷದಿಂದ ಆಗುತ್ತಿದೆ. ಇಡೀ ಕಾಪುವಿನಲ್ಲಿ ಅಂಥ ಕಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ಮತ್ತು ನಮ್ಮ ಮನೆಯಲ್ಲಿ ಕಕ್ಕಸು ಇರಲಿಲ್ಲ.

ಗಂಡಸರು ಯಾವ ಹೊತ್ತಿಗಾದರೂ ಗುಡ್ಡೆ ಹತ್ತುತ್ತಿದ್ದರು. ಹೆಂಗಸರಿಗೆ ಬೆಳಕು ಹರಿಯುವ ಮೊದಲು, ಇಲ್ಲವೇ ಕತ್ತಲಾದ ಮೇಲೆ. ಚೊಂಬು ಸೆರಗಿನಡಿ ಇಟ್ಟುಕೊಂಡು, ಯಾರೂ ಯಾರ ಮುಖವನ್ನೂ ನೋಡದೆ ಹೋಗಿ ಬರುವ ಆ ಸಾಲನ್ನು ಕಂಡವರು ನಿಮ್ಮಲ್ಲಿಯೂ ಇರಬಹುದು. ಕಳ್ಳು ಇಳಿಸುವ ಮುದುಕ ತಾಳೆಮರ ಹತ್ತುವ ಮೊದಲು ಗುಡ್ಡೆಯ ಬುಡದಲ್ಲಿ ನಿಂತು ಮೂರು ಸಲ ಜೋರಾಗಿ ಕೆಮ್ಮುತ್ತಿದ್ದ. ಮರದ ಮೇಲಿನಿಂದ ಎಲ್ಲವೂ ಕಾಣುತ್ತದಲ್ಲ, ಹಾಗಾಗಿ. ಅವನ ಕೆಮ್ಮು ಕೇಳಿದರೆ ನಾವು ಎದ್ದು ಇಳಿಯಬೇಕು. ಊರಿನಲ್ಲಿ ಹೆಂಗಸರ ಮಾನದ ಬಗ್ಗೆ ಅಷ್ಟು ಯೋಚನೆ ಮಾಡಿದ ಗಂಡಸು ಅವನೊಬ್ಬನೇ. ಮಳೆಗಾಲದಲ್ಲಿ ಗುಡ್ಡೆಯ ಮೇಲಿನದೆಲ್ಲ ನೀರಿನ ಜೊತೆ ಕೆಳಗಿಳಿದು ನಮ್ಮ ಅಂಗಳದ ಬದಿಯ ತೋಡಿಗೆ ಬರುತ್ತಿತ್ತು. ಅದನ್ನು ದಾಟಿಯೇ ನಾನು ಶಾಲೆಗೆ ಹೋಗುತ್ತಿದ್ದೆ. ಅಮ್ಮ ಮಧ್ಯಾಹ್ನದ ಊಟದ ಮೇಲೆ ನೀರು ಕುಡಿಯುತ್ತಿರಲಿಲ್ಲ. ಉರಿಮೂತ್ರವಾಗಿ ಉಡುಪಿಯ ಡಾಕ್ಟರಮ್ಮನ ಹತ್ತಿರ ಹೋದಾಗ "ನೀರು ಚೆನ್ನಾಗಿ ಕುಡಿಯಬೇಕು" ಎಂದು ಅವರು ಹೇಳಿದರು. ಅಮ್ಮ ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ನೆನೆದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ದೊಡ್ಡಮಾಮ ಮುಂಬಯಿಯಲ್ಲಿ ಎದೆನೋವಿನಿಂದ ತೀರಿಕೊಂಡರು. ಹೋಟೆಲು ಪಾಲುದಾರರಿಗೆ ಹೋಯಿತು. ಊರಿನಲ್ಲಿ ಬಿಟ್ಟುಹೋಗಿದ್ದ ಕಾರನ್ನು ಮಾತ್ರ ಅವರು ಮೊದಲೇ ಅಮ್ಮನ ಹೆಸರಿಗೆ ಬರೆಸಿಟ್ಟಿದ್ದರು. ಅಮ್ಮನಿಗೆ ತನ್ನೊಬ್ಬಳದೇ ಎಂದು ಹೇಳಿಕೊಳ್ಳಲು ಸಿಕ್ಕ ಮೊದಲನೆಯ ವಸ್ತು ಅದು. ಕಾರಿನ ಆರ್.ಸಿ. ಬುಕ್ಕು ಅವಳ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇತ್ತು. ಬಾಗಿಲುಗಳಿಗೆ ಬೀಗ ಹಾಕುತ್ತಿರಲಿಲ್ಲ, ಆದರೆ ಕಾರು ಚಾಲೂ ಮಾಡುವ ಬೀಗದ ಕೈ ಸಣ್ಣಮಾಮನ ಜೇಬಿನಲ್ಲಿ, ಕಾರ್ಕಳದಲ್ಲಿ. ಕಾರು ಬಿಡಲು ಬರುತ್ತಿದ್ದದ್ದು ಅವರೊಬ್ಬರಿಗೇ ಎನ್ನುವುದು ಅದಕ್ಕೆ ಕೊಟ್ಟ ಕಾರಣ.

ಅಲ್ಲಿಂದ ಆ ಕಾರು ಸುತ್ತಮುತ್ತಲ ಮದುವೆಗಳ ಕಾರಾಯಿತು. ಕಾಪುವಿನ ನಂಟರು, ಕಾರ್ಕಳದಲ್ಲಿ ಸಣ್ಣಮಾಮನ ಹೆಂಡತಿಯ ಕಡೆಯವರು, ಅವರ ಪರಿಚಯದವರು, ಎಲ್ಲರಿಗೂ ಮದುಮಗಳನ್ನು ಕೂರಿಸಲು ಅದೇ ಬೇಕು. ಬಾಡಿಗೆ ತೆಗೆದುಕೊಳ್ಳುವ ಹಾಗಿರಲಿಲ್ಲ, ತೆಗೆದುಕೊಂಡರೆ ಅದು ಟ್ಯಾಕ್ಸಿ ಆಗುತ್ತದೆಯಂತೆ. ಕೊಡುವುದಿಲ್ಲ ಎನ್ನುವ ಹಾಗೂ ಇರಲಿಲ್ಲ, ಮನೆತನದ ಮರ್ಯಾದೆ ಏನಾಗಬೇಕು. ಹೋಗುವಾಗ ರಥದ ಹಾಗೆ ಹೋದ ಕಾರು ವಾಪಸು ಬರುವಾಗ ಹೇಗಿರುತ್ತಿತ್ತು ಎಂದು ಯಾವ ಮದುವೆಯವರೂ ನೋಡಲಿಲ್ಲ, ನಾವು ನೋಡಿದೆವು. ಸೀಟಿನ ಸಂದಿಯಲ್ಲಿ ಅಕ್ಕಿಕಾಳು, ಕಂಬಳಿಯ ಮೇಲೆ ಎಲೆಯಡಿಕೆಯ ಉಗುಳು, ಯಾವುದೋ ಮಗುವಿನ ಉಚ್ಚೆ, ಕೊಳೆತ ಮಲ್ಲಿಗೆ, ಇಬ್ಬರು ಮೂವರ ವಾಂತಿ. ಸಣ್ಣಮಾಮ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಚಹಾ ಕುಡಿದು, "ಅಕ್ಕ, ಒಳಗೆ ಸ್ವಲ್ಪ ಒರೆಸಿಬಿಡಿ" ಎಂದು ಹೇಳಿ ಬಸ್ಸು ಹತ್ತುತ್ತಿದ್ದರು. ಅಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಒರೆಸುತ್ತಿದ್ದಳು, ನಾನು ನೀರು ತಂದುಕೊಡುತ್ತಿದ್ದೆ. ಗೊತ್ತಿಲ್ಲದವರ ಹೊಟ್ಟೆಯಿಂದ ಬಂದ ಪಾಯಸವನ್ನು ನನ್ನ ಅಮ್ಮ ಬಳಿಯುವುದನ್ನು ನೋಡಿ ನೋಡಿ ನನಗೆ ಮದುವೆ ಎಂಬ ಶಬ್ದವೇ ಹೇಸಿಗೆ ಹುಟ್ಟಿಸುತ್ತಿತ್ತು.

ಒಂದು ಸಲ ಹಾಗೆ ಒರೆಸುತ್ತಿದ್ದವಳು ಬಟ್ಟೆಯನ್ನು ಬಕೆಟ್ಟಿಗೆ ಎಸೆದು ನೇರ ನಿಂತಳು. "ಇದನ್ನು ಮಾರಬೇಕು. ಮಾರಿ ಈ ಶೆಡ್ಡಿನಲ್ಲಿ ಒಂದು ಕಕ್ಕಸು ಕಟ್ಟಿಸಬೇಕು" ಎಂದಳು. ಹೇಳಿದ್ದು ನನಗೋ ತನಗೋ ಗೊತ್ತಾಗಲಿಲ್ಲ. ಮುಂದಿನ ಭಾನುವಾರ ಸಣ್ಣಮಾಮ ಬಂದಾಗ ಅವರ ಎದುರೂ ಅದನ್ನೇ ಹೇಳಿದಳು. ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ತುಳು, ಆ ಮಾತುಗಳನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಣ್ಣಮಾಮ ಊಟದ ಕೈಯನ್ನು ಬಟ್ಟಲಲ್ಲೇ ನಿಲ್ಲಿಸಿದರು.

"ಅಕ್ಕ, ಕಾರು ಮಾರಿ ಕಕ್ಕಸು ಕಟ್ಟಿಸಿದ್ರು ಅಂತ ಹೇಳಿದರೆ ನಾನು ಕಾರ್ಕಳದಲ್ಲಿ ಮುಖ ಎತ್ತಿ ತಿರುಗುವುದು ಹೇಗೆ?"

"ನೀನು ತಿರುಗುವುದು ಬೇಡ. ನಿನ್ನ ಹೆಂಡತಿಯ ಮನೆಯಲ್ಲಿ ಕಕ್ಕಸು ಉಂಟಲ್ಲ, ಒಳಗೆ ಕೂತುಕೋ" ಎಂದಳು ಅಮ್ಮ.

ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಅಜ್ಜಿ ಮಾತ್ರ ಎದ್ದು ಒಳಗೆ ಹೋದಳು. ಹಿರಿಮಗನ ವಸ್ತು ಎಂದು ಅವಳ ಹತ್ತಿರ ಉಳಿದದ್ದು ಆ ಕಾರು ಒಂದೇ. ಪ್ರತಿದಿನ ಸಂಜೆ ಹೋಗಿ ಅದರ ಮೂತಿಯನ್ನು ಸವರಿ ಬರುತ್ತಿದ್ದಳು. ಸಣ್ಣಮಾಮನಿಗೆ ಅಷ್ಟು ಸಾಕಾಯಿತು. ದೊಡ್ಡ ನಿರ್ಧಾರ, ಜೋಯಿಸರಲ್ಲಿ ಒಂದು ಪ್ರಶ್ನೆ ಇಡಿಸೋಣ ಎಂದರು. ನಮ್ಮ ಕಡೆ ದನ ಕಳೆದರೂ ಪ್ರಶ್ನೆ, ಬಾವಿ ತೋಡಿದರೂ ಪ್ರಶ್ನೆ. ಆದರೆ ಕಾರು ಮಾರುವುದಕ್ಕೆ ಕವಡೆ ಹಾಕಿಸಿದವರು ನಾವೇ ಮೊದಲಿಗರು ಇರಬೇಕು. ಜೋಯಿಸರು ಕವಡೆ ಎಣಿಸಿ, ಕಣ್ಣು ಮುಚ್ಚಿ, ತೀರಿಕೊಂಡವರ ಮನಸ್ಸು ಕಾರಿನಲ್ಲಿ ಉಳಿದಿದೆ, ಅಲ್ಲಿಯೇ ಬಡಿಸಬೇಕು ಎಂದರು. ಸತ್ತವರನ್ನು ನಾವು ಕುಲೆ ಎನ್ನುತ್ತೇವೆ. ಅವರಿಗೆ ಇಷ್ಟವಾದದ್ದನ್ನು ಬೇಯಿಸಿ, ಎಲೆ ಹಾಕಿ ಬಡಿಸಿ, ಬಂದು ಉಣ್ಣಿ ಎಂದು ಕರೆದು, ಬಾಗಿಲು ಮುಚ್ಚಿ ಹೊರಗೆ ಕಾಯುವುದು ಪದ್ಧತಿ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು ಆ ಅನ್ನವನ್ನು ಮನೆಯವರು ಹಂಚಿ ತಿನ್ನಬೇಕು. ಅದನ್ನು ಮಾಡುವುದು ಮನೆಯ ಒಳಗೆ. ಕಾರಿನ ಹಿಂದಿನ ಸೀಟಿನಲ್ಲಿ ಬಡಿಸಿದವರು, ಅದೂ ನಾವೇ.

ಪ್ರತಿ ಅಮಾವಾಸ್ಯೆಗೆ ಅಜ್ಜಿ ಬಂಗುಡೆ ಸಾರು ಮಾಡಿ, ಕುಚ್ಚಲಕ್ಕಿ ಅನ್ನ, ಹುರಿದ ಮೀನು, ಒಂದು ಲೋಟ ಕಳ್ಳು, ಒಂದು ಸಿಗರೇಟು ಎಲ್ಲವನ್ನೂ ಕೆಂಪು ಸೀಟಿನ ಮೇಲೆ ಇಟ್ಟು ಬಾಗಿಲು ಹಾಕುತ್ತಿದ್ದಳು. ಬಾಗಿಲು ತೆರೆದಾಗ ಮೀನಿನ ಒಂದು ತುದಿ ಮುರಿದಿರುತ್ತಿತ್ತು, ಅನ್ನ ಕದಡಿರುತ್ತಿತ್ತು. "ನೋಡು, ತಿಂದಿದ್ದಾನೆ" ಎಂದು ಅಜ್ಜಿಯ ಮುಖ ಅರಳುತ್ತಿತ್ತು. ಆಮೇಲೆ ನನ್ನ ಪಾಲಿನ ತುತ್ತು. ಚರ್ಮದ ವಾಸನೆ, ಪೆಟ್ರೋಲು, ಮುಚ್ಚಿದ ಕಾರಿನೊಳಗೆ ಕಾದ ಮೀನು, ಅದರ ಹಿಂದೆ ಎಷ್ಟು ಒರೆಸಿದರೂ ಹೋಗದ ಮದುವೆಗಳ ವಾಂತಿ. ಬಾಯಿಗಿಟ್ಟರೆ ಗಂಟಲು ವಾಪಸು ತಳ್ಳುತ್ತಿತ್ತು. ಉಗುಳಿದರೆ ಮಾಮನಿಗೆ ನೋವಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಕರ್ಚೀಫಿನಿಂದ ನನ್ನ ಬಾಯಿ ಒರೆಸಿದ ಮಾಮ ಇದನ್ನು ತಿನ್ನು ಎಂದು ಹೇಳುತ್ತಿದ್ದರೇ? ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದೆ. ಸೀಟಿನ ಮೇಲೆ ಎಣ್ಣೆಯ ಪಸೆ ನಿಂತಿತು, ಇರುವೆ ಸಾಲು ಹಿಡಿಯಿತು, ಮಳೆ ಬಂದಾಗ ಅದರ ಮೇಲೆ ಬಿಳಿ ಬೂಷ್ಟು ಎದ್ದಿತು. ಅಮ್ಮ ಒರೆಸುತ್ತಲೇ ಇದ್ದಳು. ಆದರೆ ಮಾರುವ ಮಾತನ್ನು ಬಿಟ್ಟಿರಲಿಲ್ಲ. ಮಣಿಪಾಲದ ಕಾಲೇಜಿನಲ್ಲಿ ಪಾಠ ಮಾಡುವ ಉತ್ತರದ ಕಡೆಯ ಪ್ರೊಫೆಸರರೊಬ್ಬರಿಗೆ ಹಳೆಯ ಕಾರುಗಳ ಹುಚ್ಚು ಇದೆ ಎಂದು ಕೇಳಿ, ನನ್ನ ಶಾಲೆಯ ಟೀಚರರಿಂದ ಅವರಿಗೊಂದು ಕಾಗದ ಬರೆಸಿದ್ದಳು.

ಆ ಮಳೆಗಾಲದಲ್ಲಿ ಅಜ್ಜಿ ಗುಡ್ಡೆಯಲ್ಲಿ ಜಾರಿ ಬಿದ್ದಳು. ಬೆಳಗಿನ ಹೊತ್ತು, ಪಾಚಿ ಹಿಡಿದ ಮುರಕಲ್ಲು, ಒಂದು ಕೈಯಲ್ಲಿ ಚೊಂಬು. ಕೂಗಿದ್ದು ಮಳೆಯ ಸದ್ದಿಗೆ ನಮಗೆ ಕೇಳಲಿಲ್ಲ, ಕಳ್ಳಿನ ಮುದುಕನಿಗೆ ಕೇಳಿತು. ಅವನು ಮುಖ ಬೇರೆ ಕಡೆ ತಿರುಗಿಸಿಕೊಂಡು ಅವಳನ್ನು ಎತ್ತಿ ತಂದ. ಸೀರೆ ಯಾವ ಸ್ಥಿತಿಯಲ್ಲಿತ್ತು, ಯಾವುದರ ಮೇಲೆ ಬಿದ್ದಿದ್ದಳು ಎಂದು ನಾನು ಬರೆಯುವುದಿಲ್ಲ. ಎಡಗೈ ಮೊಣಕೈಯ ಹತ್ತಿರ ಮುರಿದು ನೇತಾಡುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ, ಹಂಚಿನ ಮಾಡಿನ ಕೆಳಗೆ, ಒಣಗಿದ ನೆಲದ ಮೇಲೆ ಕಾರು ನಿಂತಿತ್ತು. ಬೀಗದ ಕೈ ಕಾರ್ಕಳದಲ್ಲಿ. ಅಮ್ಮ ಹೆದ್ದಾರಿಗೆ ಓಡಿ ಒಂದು ಹಂಚಿನ ಲಾರಿಯನ್ನು ನಿಲ್ಲಿಸಿದಳು. ಡ್ರೈವರು ಪುಣ್ಯಾತ್ಮ, ಏನೂ ಕೇಳದೆ ಮಣಿಪಾಲದ ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದ. ಅಂದಿನಿಂದ ಆ ಕಾರನ್ನು ನೋಡಿದರೆ ನನಗೆ ಉಗಿಯಬೇಕು ಅನಿಸುತ್ತಿತ್ತು. ಒಂದು ಸಲ ಯಾರೂ ಇಲ್ಲದಾಗ ಉಗಿದೆ ಕೂಡ. ಆಮೇಲೆ ಮಾಮನ ನೆನಪಾಗಿ ಲಂಗದ ತುದಿಯಿಂದ ಒರೆಸಿದೆ.

ಆಟಿ ತಿಂಗಳು ಬಂತು. ನಮ್ಮಲ್ಲಿ ಸತ್ತವರಿಗೆ ವಿಶೇಷವಾಗಿ ಬಡಿಸುವ ತಿಂಗಳು. ಪ್ರೊಫೆಸರರು ಬರುವ ವಾರ ಕಾರು ನೋಡಲು ಬರುತ್ತೇನೆಂದು ಉತ್ತರ ಬರೆದಿದ್ದರು. ಸಣ್ಣಮಾಮನಿಗೆ ಅದು ಗೊತ್ತಾಗಿ, ಈ ಸಲ ದೊಡ್ಡದಾಗಿ ಬಡಿಸೋಣ, ಅಣ್ಣನ ಎದುರೇ ತೀರ್ಮಾನವಾಗಲಿ ಎಂದು ಕೋಳಿ ಹಿಡಿದುಕೊಂಡು ಬಂದಿಳಿದರು. ಅಜ್ಜಿ ಪ್ಲಾಸ್ಟರಿನ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಒಂದೇ ಕೈಯಲ್ಲಿ ಎಲೆಗೆ ಬಡಿಸಿದಳು. ಬಾಗಿಲು ಹಾಕುವ ಮೊದಲು ಕುಲೆಯನ್ನು ಕರೆಯುವುದು ಮನೆಯ ಹಿರಿಯರು. ಅಜ್ಜಿ ಕರೆಯಲು ಹೊರಟವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಬದಿಗೆ ಸರಿದಳು. ಸಣ್ಣಮಾಮ ಮುಂದೆ ಬರುವಷ್ಟರಲ್ಲಿ ಅಮ್ಮ ಬಂದು ಕಾರಿನ ಬಾಗಿಲು ಹಿಡಿದು ನಿಂತಳು.

"ಅಣ್ಣಾ, ಬನ್ನಿ, ಊಟ ಮಾಡಿ. ಸತ್ತ ಮೇಲೂ ನಿಮಗೆ ಕೂತುಕೊಳ್ಳಲಿಕ್ಕೆ ಒಂದು ಜಾಗ ಉಂಟು. ನಿಮ್ಮನ್ನು ಹೆತ್ತವಳಿಗೆ ಬದುಕಿರುವಾಗಲೇ ಇಲ್ಲ. ಅಮ್ಮ ಬಿದ್ದದ್ದು ಎಲ್ಲಿ ಅಂತ ನಿಮಗೆ ಗೊತ್ತುಂಟಲ್ಲ. ಎಂತ ಮಾಡುವುದು, ನೀವೇ ಹೇಳಿ."

ಇಷ್ಟು ಹೇಳಿ ಬಾಗಿಲು ಹಾಕಿದಳು. ದನಿ ಏರಿಸಲಿಲ್ಲ, ಅಳಲಿಲ್ಲ. ನಾವು ಶೆಡ್ಡಿನ ಹೊರಗೆ ಮಳೆಗೆ ಗೋಡೆಯ ಬದಿಗೆ ಒತ್ತಿ ನಿಂತೆವು. ಕೊನೆಗೆ ಸಣ್ಣಮಾಮ ಹೋಗಿ ಬಾಗಿಲು ತೆರೆದರು. ತೆರೆದವರೇ ಹಿಂದಕ್ಕೆ ಹಾರಿದರು. ಎಲೆಯ ಮೇಲೆ ನಾಲ್ಕೈದು ಇಲಿಗಳು. ಒಂದು ಕೋಳಿಯ ತುಂಡನ್ನು ಸೀಟಿನ ಹರಕಿಗೆ ಎಳೆಯುತ್ತಿತ್ತು. ಆ ಹರಕಿನೊಳಗೆ, ಹತ್ತಿಯ ನಡುವೆ, ಕಣ್ಣು ಬಿಡದ ಗುಲಾಬಿ ಬಣ್ಣದ ಮರಿಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಇಷ್ಟು ಅಮಾವಾಸ್ಯೆ ನಾನು ಯಾರ ಎಂಜಲು ತಿಂದೆ ಎಂದು ಆಗ ತಿಳಿಯಿತು. ಅಲ್ಲೇ ಅಂಗಳದಲ್ಲಿ ಕಕ್ಕಿದೆ. ನನ್ನ ಬೆನ್ನು ಸವರಲು ಯಾರೂ ಬರಲಿಲ್ಲ, ಎಲ್ಲರೂ ಅಜ್ಜಿಯನ್ನು ನೋಡುತ್ತಿದ್ದರು. ಅವಳು ಬಗ್ಗಿ ಸೀಟಿನೊಳಗೆ ಬಹಳ ಹೊತ್ತು ನೋಡಿದಳು.

"ಇಷ್ಟು ದಿನ ತಿಂದದ್ದು ಇವುಗಳಾ" ಎಂದಳು. ಮತ್ತೆ ಅಮ್ಮನ ಕಡೆ ತಿರುಗಿ, "ಕಾರು ಕೊಟ್ಟುಬಿಡು ಮಗಾ. ಅವನು ಇಲಿಗಳ ಜೊತೆ ಕೂತು ಉಣ್ಣುವವನಲ್ಲ. ಆದರೆ ಅವನು ಕಾರಿನ ಜೊತೆ ಹೋಗುವವನೂ ಅಲ್ಲ. ಈ ಶೆಡ್ಡಿನಲ್ಲಿ ಇರುತ್ತಾನೆ. ಕಕ್ಕಸು ಬೇರೆ ಎಲ್ಲಿಯಾದರೂ ಕಟ್ಟಿಸು" ಎಂದಳು.

ಕಾರು ಹೋಯಿತು. ಪ್ರೊಫೆಸರರು ಇಲಿಯ ಗೂಡನ್ನು ನೋಡಿಯೂ ಬೇಡ ಎನ್ನಲಿಲ್ಲ, ಹುಚ್ಚು ಎಂದರೆ ಅದು. ಮೆಕ್ಯಾನಿಕ್ಕನನ್ನು ಕರೆತಂದು, ನಾಲ್ಕು ಜನ ಸೇರಿ ಹೆದ್ದಾರಿಯವರೆಗೆ ತಳ್ಳಿಸಿಕೊಂಡು ಹೋದರು. ಸಣ್ಣಮಾಮ ಬೀಗದ ಕೈಯನ್ನು ಯಾರದ್ದೋ ಹತ್ತಿರ ಕೊಟ್ಟು ಕಳಿಸಿದರು, ತಾವು ಬರಲಿಲ್ಲ. ಆಮೇಲೆ ಎರಡು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ. ಕಕ್ಕಸಿಗೆ ಅಮ್ಮ ಬೇರೆ ಜಾಗ ನೋಡಿದ್ದು ಸುಳ್ಳಲ್ಲ. ಒಂದು ಕಡೆ ಬಾವಿ ಹತ್ತಿರವಾಯಿತು, ಉಳಿದ ಕಡೆ ಪೂರಾ ಬಂಡೆ, ಗುಂಡಿ ತೋಡಲು ಆಗುವುದು ಶೆಡ್ಡಿನ ಹಿಂದೆ ಮಾತ್ರ ಎಂದು ಮೇಸ್ತ್ರಿ ಹೇಳಿದ. ನೆಲ, ಗೋಡೆ, ಮಾಡು ತಯಾರಿಯೇ ಇತ್ತು. ಅಮ್ಮ ಅಲ್ಲಿಯೇ ಕಟ್ಟಿಸಿದಳು. ಮೊದಲ ದಿನ ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡು, ಹಗಲಿನಲ್ಲಿ, ಬೇಕಾದಷ್ಟು ಹೊತ್ತು ಕೂತೆ. ಆ ಸುಖವನ್ನು ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. ಅಮ್ಮ ಆ ಮಧ್ಯಾಹ್ನ ಊಟದ ಮೇಲೆ ಎರಡು ಲೋಟ ನೀರು ಕುಡಿದಳು.

ಅಜ್ಜಿ ಮಾತ್ರ ಬರಲಿಲ್ಲ. ಮಗ ಇರುವ ಜಾಗದಲ್ಲಿ ತಾಯಿ ಹಾಗೆ ಕೂರುವುದೇ ಎಂದಳು. ಅಮ್ಮ ಬೈದಳು, ಕಾಲು ಹಿಡಿದಳು, ಎರಡು ದಿನ ಮಾತು ಬಿಟ್ಟಳು. ಯಾವುದೂ ನಡೆಯಲಿಲ್ಲ. ಸೊಟ್ಟಗೆ ಕೂಡಿಕೊಂಡ ಕೈಯಲ್ಲಿ ಚೊಂಬು ಹಿಡಿದು ಅವಳು ಗುಡ್ಡೆಯನ್ನೇ ಹತ್ತುತ್ತಿದ್ದಳು, ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಅಮ್ಮ. ಯಾರಿಗಾಗಿ ಇದೆಲ್ಲ ಮಾಡಿದೆನೋ ಅವಳೇ ಬೆಳಗಾಗುವ ಮೊದಲು ಒದ್ದೆ ಕಲ್ಲಿನ ಮೇಲೆ ಕಾಲಿಡುತ್ತಿದ್ದಾಳೆ ಎಂಬ ಸಂಕಟದಲ್ಲಿ ಅಮ್ಮ ಆರು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ. ನನಗೋ, ಅಜ್ಜಿಯ ಹಟದ ಮೇಲೆ, ಮಾಮನ ಮೇಲೆ, ಆ ಜೋಯಿಸರ ಕವಡೆಗಳ ಮೇಲೆ ಹೇಳತೀರದಷ್ಟು ಹೇಸಿಗೆ. ಈಗ ಯೋಚಿಸಿದರೆ ಆ ಹೇಸಿಗೆಯೊಳಗೆ ಭಯವೂ ಇತ್ತು, ಅವಳು ಎಲ್ಲಿ ಮತ್ತೆ ಬೀಳುತ್ತಾಳೋ ಎಂದು.

ಎಂಬತ್ತರ ದಶಕ ಅದಾಗಲೇ ಶುರುವಾಗಿತ್ತು. ನಾನು ಉಡುಪಿಯ ಕಾಲೇಜಿಗೆ ಹೋಗುತ್ತಿದ್ದೆ. ಆ ಮಳೆಗಾಲ ಅಜ್ಜಿಗೆ ಜ್ವರ ಹಿಡಿದು ಕಾಲಿನ ಬಲ ಹೋಯಿತು. ಒಂದು ಮಧ್ಯಾಹ್ನ ಅಮ್ಮನನ್ನು ಹತ್ತಿರ ಕರೆದು, ಗೋಡೆ ನೋಡುತ್ತಾ, "ಅಲ್ಲಿಗೇ ಕರೆದುಕೊಂಡು ಹೋಗು" ಎಂದಳು. ನಾನೂ ಅಮ್ಮನೂ ಎರಡು ಕಡೆ ಹಿಡಿದು ಅಂಗಳ ದಾಟಿಸಿದೆವು. ಎತ್ತಿದರೆ ಬರುವಷ್ಟು ಹಗುರಾಗಿದ್ದಳು. ಶೆಡ್ಡಿನ ಬಾಗಿಲಿಗೆ ಬಂದಾಗ ಹೊಸ್ತಿಲಲ್ಲಿ ನಿಂತು, ನಮ್ಮಿಬ್ಬರ ಕೈ ಬಿಡಿಸಿಕೊಂಡು, ಒಳಗಿನ ಖಾಲಿ ಗೋಡೆಯ ಕಡೆಗೆ ಹೇಳಿದಳು.

"ಮಗಾ, ಸ್ವಲ್ಪ ಹೊತ್ತು ಹೊರಗೆ ನಿಲ್ಲು."

ಯಾರೋ ದಾಟಿಹೋಗಲಿ ಎಂಬಂತೆ ಒಂದು ಗಳಿಗೆ ಕಾದು, ಆಮೇಲೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಮ್ಮ ನನ್ನ ತೋಳು ಹಿಡಿದು ಒಂದು ಹೆಜ್ಜೆ ಬದಿಗೆ ಸರಿಸಿದಳು. ಮಾಡಿನ ಅಂಚಿನಡಿ ಮಳೆ ತಾಗದ ಜಾಗ ಇದ್ದದ್ದು ಅಷ್ಟೇ, ಮೂರು ಜನಕ್ಕೆ ಸಾಕಾಗುವಷ್ಟು.